ಸೂಸೈಯಪ್ಪನ ವಕೀಲರು

ಅವರಿಗೆ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ. ಬಡಗಿಯಾಗಿದ್ದ ಸಂತನೊಬ್ಬನನ್ನು ಜೀವಮಾನವಿಡೀ ಹಚ್ಚಿಕೊಂಡಿದ್ದ ಈ ಗುರುಗಳು, ಚರ್ಚಿನ ಬೆಂಚೊಂದರ ಕಾಲು ಅಲ್ಲಾಡಿದರೆ ತಾವೇ ಸುತ್ತಿಗೆ ಹಿಡಿದು ಕೂರುವರು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಜಜ್ಜಿಕೊಂಡು ನಮ್ಮ ಮನೆಗೆ ಐಸ್ ಕೇಳಲು ಬರುವರು. "ಎಂತ ಮಾಡುವುದು ಟೀಚರ್, ನನ್ನದು ಬರೀ ಓದಿನ ಭಕ್ತಿ" ಎನ್ನುವರು.

ಹೋದ ತಿಂಗಳು ಅವರು ಮೈಸೂರಿನಲ್ಲಿ, ವಯಸ್ಸಾದ ಗುರುಗಳು ಇರುವ ಮನೆಯೊಂದರಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಕಾಣಿಸಿಕೊಳ್ಳುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ. ಒಮ್ಮೆ ಯಾರೋ ಚರ್ಚಿಗೆ ಫ್ಯಾನು ಕೊಟ್ಟು ಅದರ ರೆಕ್ಕೆಗಳ ಮೇಲೆ ತಮ್ಮ ಹೆಸರು ಬರೆಸಿದ್ದರು. ಅವರು ತಲೆಯೆತ್ತಿ ನೋಡಿ, "ಇರಲಿ ಬಿಡಿ, ತಿರುಗುವಾಗ ಕಾಣುವುದಿಲ್ಲ" ಎಂದಿದ್ದರು.

ನಾನು ಯಳಂದೂರಿನ ಲಿಂಗಾಯತರ ಮನೆಯ ಹೆಣ್ಣುಮಗಳು. ಹನೂರು ದಾಟಿ ಬೆಟ್ಟದ ಕಡೆಗೆ ಹೋದರೆ ಸಿಗುವ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮ ಯಜಮಾನರಿಗೆ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುವರು. ನಮ್ಮ ಬಾಡಿಗೆ ಮನೆ ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡಿತ್ತು. ಊರಿನ ಬಹುಪಾಲು ಜನ ಕ್ರೈಸ್ತರು, ಎಷ್ಟೋ ತಲೆಮಾರಿನ ಹಿಂದೆ ತಮಿಳು ಸೀಮೆಯಿಂದ ಬಂದವರ ಮಕ್ಕಳು. ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಗುರುಗಳು ಮಂಗಳೂರು ಕಡೆಯವರು. ಮನೆಮಾತು ಕೊಂಕಣಿ, ಕನ್ನಡವೋ ಪೂರ್ತಿ ಪುಸ್ತಕದ್ದು. ಊರಿಗೆ ಬಂದ ಮೊದಲ ಭಾನುವಾರ ಪೂಜೆಯಲ್ಲಿ ಅವರ ಪ್ರಸಂಗ, ಅಂದರೆ ಉಪದೇಶ, ಮುಗಿದ ಮೇಲೆ ಒಬ್ಬ ಅಜ್ಜಿ ಕೈಮುಗಿದು, "ಬೋ ಚೆಂದಾಗಿತ್ತು ಸಾಮಿ, ಯಾವ ಭಾಷೆ ಅದು?" ಎಂದು ಕೇಳಿದಳಂತೆ. ಅಂದೇ ಸಂಜೆ ಬರೆದ ಹಾಳೆಗಳನ್ನು ಹಿಡಿದುಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದರು. "ಇದನ್ನು ಈ ಊರಿಗೆ ಅರ್ಥವಾಗುವ ಹಾಗೆ ಮಾಡಿಕೊಡುತ್ತೀರಾ?" ಎಂದರು. ಆವತ್ತಿನಿಂದ ವಾರ ವಾರವೂ ನಾನು ಅವರ ಪ್ರಸಂಗ ತಿದ್ದುತ್ತಿದ್ದೆ. "ವಿಮೋಚನೆ" ಎಂದು ಬರೆದದ್ದನ್ನು ಹೊಡೆದು "ಬಿಡಿಸಿಕೊಂಡದ್ದು" ಎಂದು ಬರೆದರೆ ಒಂದು ಗಳಿಗೆ ನೊಂದುಕೊಂಡು, ಆಮೇಲೆ ಒಪ್ಪಿಕೊಳ್ಳುವರು. ವಾದ ಸೋತಾಗಲೆಲ್ಲ ಕನ್ನಡಕ ತೆಗೆದು ನಿಲುವಂಗಿಯ ಚುಂಗಿನಿಂದ ಒರೆಸುವುದು ಅವರ ಅಭ್ಯಾಸ, ಅದು ಎಷ್ಟೇ ಶುಭ್ರವಾಗಿರಲಿ.

ಹೀಗೆ ತಿದ್ದುತ್ತ ತಿದ್ದುತ್ತ ಅವರ ಸಂತನ ಪರಿಚಯ ನನಗಾಯಿತು. ಪುಸ್ತಕದಲ್ಲಿ ಜೋಸೆಫರು, ಊರವರ ಬಾಯಲ್ಲಿ ಸೂಸೈಯಪ್ಪ; ಸಾಯುವವರ ಪಕ್ಕ ಬಂದು ನಿಲ್ಲುವವನೆಂದು ಅವರ ನಂಬಿಕೆ. ಯೇಸುವಿನ ತಾಯಿ ಮರಿಯಳ ಗಂಡ, ಕಸುಬಿನಲ್ಲಿ ಬಡಗಿ. ನಿಶ್ಚಯವಾಗಿದ್ದ ಹೆಣ್ಣು ತನ್ನಿಂದಲ್ಲದೆ ಬಸುರಿಯಾಗಿದ್ದಾಳೆಂದು ತಿಳಿದಾಗ, ನಾಲ್ಕು ಜನರ ಮುಂದೆ ಅವಳ ಮಾನ ಕಳೆಯಲು ಮನಸ್ಸಿಲ್ಲದೆ ಗುಟ್ಟಾಗಿ ಬಿಟ್ಟುಬಿಡೋಣವೆಂದುಕೊಂಡವನು. ಕನಸಿನಲ್ಲಿ ದೇವದೂತ ಬಂದು, ಅದು ದೇವರ ಮಗು, ಹೆದರಬೇಡ ಎಂದ ಮೇಲೆ ಅವಳನ್ನು ಮನೆಗೆ ಕರೆದುಕೊಂಡು ತನ್ನದಲ್ಲದ ಮಗುವನ್ನು ಸಾಕಿದವನು.

ಒಂದು ದಿನ ಗುರುಗಳು ದಪ್ಪ ಪುಸ್ತಕವೊಂದರಲ್ಲಿ ಹಳೆಯ ಯುರೋಪಿನ ಚಿತ್ರ ತೋರಿಸಿದರು. ಹಸುಗೂಸಿನ ಸುತ್ತ ಎಲ್ಲರೂ ಇದ್ದಾರೆ, ಮೂಲೆಯಲ್ಲಿ ಒಬ್ಬ ಬಿಳಿಗಡ್ಡದ ಮುದುಕ ತೂಕಡಿಸುತ್ತಿದ್ದಾನೆ.

"ಇವರು ಮಗುವಿನ ತಾತನಾ ಫಾದರ್?" ಎಂದೆ.

"ನೋಡಿ, ನೀವೂ ಮೋಸಹೋದಿರಿ. ಇವರೇ ಜೋಸೆಫರು."

ಆರುನೂರು ವರ್ಷದ ಹಿಂದೆ ಪ್ಯಾರಿಸಿನ ವಿಶ್ವವಿದ್ಯಾಲಯದಲ್ಲಿದ್ದ ಒಬ್ಬ ದೊಡ್ಡ ಪಂಡಿತರು ಇದನ್ನು ಪ್ರಶ್ನಿಸಿದರಂತೆ. ಜೋಸೆಫರು ಮುದುಕರಾಗಿದ್ದರೆ ಹೆಂಡತಿ ಮಗುವನ್ನು ಕಟ್ಟಿಕೊಂಡು ಈಜಿಪ್ಟಿಗೆ ಹೇಗೆ ಓಡಿಹೋದರು? ದುಡಿದು ಹೇಗೆ ಸಾಕಿದರು? ಮರಿಯಳ ಕನ್ಯತ್ವದ ಬಗ್ಗೆ ಯಾರಿಗೂ ಅನುಮಾನ ಬಾರದಿರಲಿ ಎಂದು ಗಂಡನನ್ನು ಮುದುಕನಾಗಿಸುವುದು ಆ ಮನುಷ್ಯನಿಗೆ ಮಾಡುವ ಅವಮಾನ; ಅವರು ಗಟ್ಟಿಮುಟ್ಟಾದ ಯುವಕರೇ ಆಗಿದ್ದರು, ಸಂಯಮ ಅವರ ವಯಸ್ಸಿನದಲ್ಲ, ಮನಸ್ಸಿನದು. ಹೀಗೆ ಆ ಪಂಡಿತರ ವಾದ. ಆ ಕಾಲದಲ್ಲಿ ಒಂದು ಪೀಠಕ್ಕೆ ಮೂವರು ಪೋಪರು ಹಕ್ಕು ಹೇಳುತ್ತಿದ್ದರು. ಒಡೆದ ಧರ್ಮಸಭೆಯನ್ನು ಸರಿಪಡಿಸಬೇಕೆಂದು ಸರೋವರದ ದಡದ ಒಂದು ಊರಿನಲ್ಲಿ ದೇಶದೇಶಗಳ ಧರ್ಮಾಧ್ಯಕ್ಷರು ಸೇರಿದ್ದಾಗ, ಈ ಪಂಡಿತರು ಎದ್ದುನಿಂತು ಜೋಸೆಫರ ಮದುವೆಯ ನೆನಪಿಗೆ ಒಂದು ಹಬ್ಬ ಆಗಬೇಕು ಎಂದರು. ಒಡೆದ ಮನೆಯನ್ನು ಕಾಯಲು ಮನೆ ಕಾದ ಸಂತನೇ ಬೇಕು ಎಂಬುದು ಅವರ ನಂಬಿಕೆ.

"ಒಪ್ಪಿದರಾ?"

"ಕೇಳಿಸಿಕೊಂಡರು. ಹಬ್ಬ ಕೊಡಲಿಲ್ಲ. ಆಮೇಲೆ ಒಬ್ಬ ಪ್ರಭುವಿನ ಹಗೆಯಿಂದಾಗಿ ಆ ಪಂಡಿತರಿಗೆ ತಮ್ಮ ಊರಿಗೆ ಮರಳುವುದಕ್ಕೂ ಆಗಲಿಲ್ಲ. ಬೇರೆ ಊರಿನ ಮಠವೊಂದರಲ್ಲಿ ತಮ್ಮನ ಹತ್ತಿರ ಇದ್ದು ಕಣ್ಣುಮುಚ್ಚಿದರು. ಹಬ್ಬ, ಮರ್ಯಾದೆ, ಎಲ್ಲ ಜೋಸೆಫರಿಗೆ ನಂತರದವರ ಕಾಲದಲ್ಲಿ ಸಿಕ್ಕಿತು."

ಈ ಪಂಡಿತರ ಮೇಲೆಯೇ ಅವರು ರೋಮಿನಲ್ಲಿ ಪ್ರಬಂಧ ಬರೆಯಲು ಕುಳಿತಿದ್ದರಂತೆ. ಮುಗಿಯುವ ಮೊದಲೇ ಇಲ್ಲಿ ಗುರುಗಳ ಕೊರತೆಯೆಂದು ವಾಪಸು ಕರೆಸಿಕೊಂಡರು. ಅದರ ಬಗ್ಗೆ ಅವರು ಬೇಸರ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಆದರೆ ಯಾರಾದರೂ ಜೋಸೆಫರನ್ನು ಮುದುಕ ಎಂದರೆ ಸುಮ್ಮನಿರುತ್ತಿರಲಿಲ್ಲ. ನಮ್ಮ ಯಜಮಾನರು ಅವರಿಗೆ ಸೂಸೈಯಪ್ಪನ ವಕೀಲರು ಎಂದು ಹೆಸರಿಟ್ಟರು.

ವಕೀಲಿಕೆ ಒಮ್ಮೆ ಅತಿಯಾಯಿತು. ಚರ್ಚಿನಲ್ಲಿ ಹಳೆಯ ಕಾಲದ ಸೂಸೈಯಪ್ಪನ ಪ್ರತಿಮೆ ಇತ್ತು, ಬಿಳಿ ಗಡ್ಡದ್ದು. ಮಾರ್ಚ್ ತಿಂಗಳ ಹಬ್ಬಕ್ಕೆ ಬಣ್ಣ ಹೊಡೆಸುವ ನೆಪದಲ್ಲಿ ಪೇಂಟರಿಗೆ ಹೇಳಿ ಗಡ್ಡವನ್ನು ಕಪ್ಪು ಮಾಡಿಸಿಬಿಟ್ಟರು. ಬೆಳಗ್ಗೆ ಬಾಗಿಲು ತೆಗೆದಾಗ ಮುದುಕಿಯರ ದಂಡೇ ಕಾಂಪೌಂಡಿನಲ್ಲಿ ಸೇರಿತು.

"ನಮ್ಮ ಸೂಸೈಯಪ್ಪಂಗೆ ಡೈ ಆಕ್ಸ್‌ಬುಟ್ರಲ್ಲ ಸಾಮಿ!"

ಅವರು ಪ್ಯಾರಿಸಿನ ಪಂಡಿತರ ವಾದವನ್ನು ನಾನು ತಿದ್ದಿಕೊಟ್ಟ ಕನ್ನಡದಲ್ಲಿಯೇ ಹೇಳಿದರು. ಎಲ್ಲ ಕೇಳಿಸಿಕೊಂಡ ಒಬ್ಬ ಅಜ್ಜಿ, "ಅದೆಲ್ಲ ಇರ್ಲಿ. ನಾನು ಸಾಯೋವಾಗ ಕೈ ಇಡ್ಕಳಕ್ಕೆ ಬರೋನು ಅವ್ನೇ ತಾನೆ? ಹರೇದವ್ನು ಬಂದ್ರೆ ನನ್ ಮಂಡಿ ನೋವು ಅವ್ನಿಗೆ ಎಂಗ್ ಗೊತ್ತಾಯ್ತದೆ?" ಎಂದಳು. ಗುರುಗಳು ಕನ್ನಡಕ ತೆಗೆದು ಒರೆಸಿದರು. ಪೇಂಟರು ಮತ್ತೆ ಬಂದ. ಕೊನೆಗೆ ಗಡ್ಡ ಬೂದು ಬಣ್ಣದಲ್ಲಿ ರಾಜಿಯಾಯಿತು.

ಊರಲ್ಲಿ ಅವರ ಬಗ್ಗೆ ಒಳ್ಳೆಯ ಮಾತೇ ಇತ್ತು. ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿತರು. ತಮಿಳನ್ನೂ ಕಲಿತರು, ಅದೂ ಪುಸ್ತಕದ್ದೇ. ಯಾರಾದರೂ ಇನ್ನೊಬ್ಬರ ಮನೆಯ ಸುದ್ದಿ ತೆಗೆದರೆ, "ಆ ಮಾತನ್ನು ಅಲ್ಲಿಗೇ ಬಿಡುವ" ಎಂದು ಎದ್ದುಬಿಡುತ್ತಿದ್ದರು. ಅವರ ವಿರುದ್ಧ ಅರ್ಧ ಊರು ತಿರುಗಿ ಬೀಳುವ ಕಾಲ ಬರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಊರಿನ ಒಬ್ಬ ಹುಡುಗ, ಒಬ್ಬ ಹುಡುಗಿಗೆ ಮದುವೆ ನಿಶ್ಚಯವಾಗಿತ್ತು. ಅವರನ್ನು ಅರುಳ್, ಸಗಾಯ ಎಂದು ಕರೆಯುತ್ತೇನೆ, ನಿಜವಾದ ಹೆಸರುಗಳಲ್ಲ. ಅರುಳ್ ಕುಂತೂರಿನ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನ ಡ್ರೈವರು. ಸಗಾಯ ನನ್ನ ಹಳೆಯ ವಿದ್ಯಾರ್ಥಿನಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಅವರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಣ್ಣುಗಂಡಿನ ಹೆಸರು ಓದಿ ಸಾರುತ್ತಾರೆ, ಓಲೆ ಓದುವುದು ಎನ್ನುತ್ತಾರೆ. ಎರಡನೆಯ ಓಲೆ ಓದಿದ ವಾರದಲ್ಲಿ ಸಗಾಯ ಬಸುರಿ ಎಂಬುದು ಹೊರಬಿತ್ತು. ಮಗು ಅರುಳನದಲ್ಲ. ಗಾರ್ಮೆಂಟ್ಸಿನ ಸೂಪರ್‌ವೈಸರ್ ಒಬ್ಬ ನಂಬಿಸಿದ್ದ, ಅವನಿಗೆ ಮದುವೆಯಾಗಿತ್ತು, ಸುದ್ದಿ ತಿಳಿದ ಕೂಡಲೇ ಕೆಲಸ ಬಿಟ್ಟು ತಮಿಳುನಾಡಿನ ಕಡೆ ಹೋಗಿಬಿಟ್ಟಿದ್ದ.

ಅರುಳ್ ಏನೂ ಮಾತಾಡಲಿಲ್ಲ. ಟ್ರ್ಯಾಕ್ಟರು ತೆಗೆದುಕೊಂಡು ಕೆಲಸಕ್ಕೆ ಹೋದ. ಮಾತಾಡಿದ್ದು ಊರು.

ಮುಂದಿನ ಭಾನುವಾರ ಓದಬೇಕಿದ್ದ ಮೂರನೆಯ ಓಲೆಯನ್ನು ಗುರುಗಳು ಮುಂದಕ್ಕೆ ಹಾಕಿದರು. ಆ ದಿನದ ಪ್ರಸಂಗವನ್ನು ನನಗೆ ತೋರಿಸಿರಲಿಲ್ಲ. ಬೇಸಿಗೆಯ ದಿನ, ಕಿಟಕಿಗಳು ತೆಗೆದಿದ್ದವು. ಮೈಕಿನಲ್ಲಿ ನಮ್ಮ ಹಿತ್ತಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಯಾರ ಹೆಸರನ್ನೂ ಎತ್ತದೆ ಜೋಸೆಫರ ಬಗ್ಗೆ ಮಾತಾಡಿದರು. ನಿಶ್ಚಯವಾದ ಹೆಣ್ಣಿನ ವಿಷಯ ತಿಳಿದಾಗ ಆ ಯುವಕನ ಎದೆ ಹೇಗೆ ಉರಿದಿರಬೇಕು, ಆದರೂ ಎಂಥ ಹೃದಯ ಅವನದು ಎಂದು, ಎಂದೂ ಇಲ್ಲದಷ್ಟು ಚೆನ್ನಾಗಿ ಮಾತಾಡಿದರು. ಇದ್ದಕ್ಕಿದ್ದಂತೆ ನಿಲ್ಲಿಸಿದರು. ಮೈಕಿನಲ್ಲಿ ಬೆಂಚು ಸರಿದ ಸದ್ದು. ನಾನು ಹಿತ್ತಲಿನಿಂದ ನೋಡುತ್ತಿದ್ದಂತೆ ಸಗಾಯ ಚರ್ಚಿನ ಬಾಗಿಲಿನಿಂದ ಒಬ್ಬಳೇ ಹೊರಬಂದು, ತಲೆಯ ಮೇಲಿನ ಸೆರಗನ್ನು ಎಳೆದು ಹೆಗಲಿಗೆ ಹಾಕಿಕೊಂಡು, ನೇರವಾಗಿ ಮನೆಯ ಕಡೆ ನಡೆದುಹೋದಳು.

ಮಧ್ಯಾಹ್ನ ಗುರುಗಳು ನಮ್ಮ ಮನೆಗೆ ಬಂದರು. ಕೂರಲಿಲ್ಲ. "ಟೀಚರ್, ನನ್ನ ಜೊತೆ ಅವಳ ಮನೆಗೆ ಬರುತ್ತೀರಾ? ಒಬ್ಬನೇ ಹೋದರೆ ಅವಳಿಗೇ ಮಾತು ಬರುತ್ತದೆ."

ಹೋದೆವು. ಸಗಾಯಳ ತಾಯಿ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಸಗಾಯ ಒಳಗೆ ಅಕ್ಕಿ ಆರಿಸುತ್ತಿದ್ದಳು, ಎದ್ದು ನಿಲ್ಲಲಿಲ್ಲ.

"ನಿನಗೆ ನೋವಾಯಿತು" ಎಂದರು ಗುರುಗಳು.

"ಸಾಮಿ, ನೀವು ಏಳಿದ್ರಲ್ಲ ಕತೆ, ಅದ್ರಲ್ಲಿ ಅವಮ್ಮ ಯಾವ ತಪ್ಪೂ ಮಾಡಿರ್ನಿಲ್ಲ. ನಂಗೆ ಯಾವ ದೇವದೂತನೂ ಬರ್ನಿಲ್ಲ. ಬಂದೋನು ಸೂಪರ್‌ವೈಸರ್ರು. ನನ್ನ ತಕಂಡೋಗಿ ಅವಮ್ಮನ ಜಾಗದಲ್ಲಿ ನಿಲ್ಲುಸ್‌ಬುಟ್ರಿ. ಊರೆಲ್ಲ ತಿರುಗಿ ನನ್ ಮುಖ ನೋಡ್ತು."

"ನಾನು ಅರುಳನ ಮನಸ್ಸು..."

"ಅವ್ರ ಮನ್ಸು ದೊಡ್ಡದು ಅಂತ ಏಳಿದ್ರಿ. ದಿಟನೇ ಇರ್ಬೋದು. ಆದ್ರೆ ಅವ್ರು ದೊಡ್ಡೋರಾಗಕ್ಕೆ ನಾನೊಂದು ನೆಪ್ವಾ? ನಂಗೇನ್ ಬೇಕು ಅಂತ ಯಾರ್ ಕೇಳುದ್ರಿ? ಅಪ್ಪನೂ ಕೇಳ್ನಿಲ್ಲ, ನೀವೂ ಕೇಳ್ನಿಲ್ಲ."

ತಾಯಿ, "ಸಾಮೀರ ಮುಂದೆ ಇಂಗಾ ಮಾತಾಡದು?" ಎಂದು ಗದರಿದಳು. ಗುರುಗಳು ಕೈ ಎತ್ತಿ ತಡೆದರು. ಬಾಗಿಲ ಹೊಸ್ತಿಲ ಮೇಲೆಯೇ ಕುಳಿತುಕೊಂಡರು.

"ಅವಳು ಹೇಳುವುದು ಸರಿ. ತಪ್ಪು ನನ್ನದು, ಸಗಾಯ. ಈಗ ಕೇಳುತ್ತೇನೆ. ನಿನಗೆ ಏನು ಬೇಕು?"

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಈಗ ಮದುವೆ ಬೇಡ. ಅರುಳನ ಮೇಲೆ ಸಿಟ್ಟಿಲ್ಲ, ಆದರೆ ಕನಿಕರದ ಸೀರೆ ಉಟ್ಟುಕೊಂಡು ಅವನ ಪಕ್ಕ ನಿಲ್ಲಲಾರಳು. ಮಗು ಹುಟ್ಟುವವರೆಗೆ ಯಾರ ಬಾಯಿಂದಲೂ ಮಾತು ಕೇಳದೆ ಊಟ ಮಾಡುವಂಥ ಒಂದು ಜಾಗ ಬೇಕು. ದುಡಿದುಕೊಂಡೇ ಇರುತ್ತಾಳೆ, ಹೊಲಿಗೆ ಬರುತ್ತದೆ.

ವಾಪಸು ಬರುವಾಗ ಗುರುಗಳು ಚರ್ಚಿನ ಗೇಟಿನ ಹತ್ತಿರ ನಿಂತು ಹೇಳಿದರು: "ಆ ಪಂಡಿತರು ಜೋಸೆಫರ ಮದುವೆ ನಿಜವಾದ ಮದುವೆ ಅಂತ ಅಷ್ಟೊಂದು ವಾದ ಮಾಡಿದರಲ್ಲ, ಯಾವುದರ ಮೇಲೆ ಗೊತ್ತುಂಟಾ? ಇಬ್ಬರೂ ಒಪ್ಪಿದ್ದರು ಎನ್ನುವುದರ ಮೇಲೆ. ಇಬ್ಬರೂ. ಅಷ್ಟು ವರ್ಷ ಅದನ್ನು ಓದಿ, ಇವತ್ತು ಒಬ್ಬನ ಬಗ್ಗೆ ಮಾತ್ರ ಪ್ರಸಂಗ ಮಾಡಿದೆ."

ಆ ವಾರದಲ್ಲೇ ಕಾಮಗೆರೆಯಲ್ಲಿ ಪರಿಚಯದ ಕಾನ್ವೆಂಟಿನ ಸಿಸ್ಟರುಗಳಿಗೆ ಹೇಳಿ ಸಗಾಯಳಿಗೆ ಇರಲು ಜಾಗ, ಹೊಲಿಗೆಯ ಕೆಲಸ ಮಾಡಿಸಿಕೊಟ್ಟರು. ಅಲ್ಲಿ ಆಸ್ಪತ್ರೆಯೂ ಹತ್ತಿರ.

ಅಷ್ಟಕ್ಕೇ ಮುಗಿಯಲಿಲ್ಲ. ಅರುಳನ ಅಪ್ಪ ಚರ್ಚಿನ ಕಮಿಟಿಯಲ್ಲಿದ್ದ ದೊಡ್ಡ ಮನುಷ್ಯ. ಮರುವಾರ ಪೂಜೆಯ ಕೊನೆಯಲ್ಲಿ ಗುರುಗಳು, ಮೂರನೆಯ ಓಲೆ ಓದುವುದಿಲ್ಲ, ಮದುವೆ ಸದ್ಯಕ್ಕಿಲ್ಲ ಎಂದು ಒಂದೇ ವಾಕ್ಯ ಹೇಳಿದರು. ಆತ ಎದ್ದು ನಿಂತ.

"ಯಾಕೆ ಅಂತ ಏಳಿ ಸಾಮಿ. ಇಲ್ದಿದ್ರೆ ತಪ್ಪು ನಮ್ ಹುಡ್ಗಂದು ಅಂತಾರೆ."

"ಕಾರಣ ಅವರಿಬ್ಬರದು. ನನ್ನದಲ್ಲ, ನಿಮ್ಮದೂ ಅಲ್ಲ."

"ಅವ್ಳು ಇಲ್ಲಿ ಬಂದು ಮಂಡಿ ಊರಿ, ಎಲ್ರ ಮುಂದೆ ತಪ್ಪಾಯ್ತು ಅನ್ಬೇಕು. ನಮ್ಮಪ್ಪನ ಕಾಲದಿಂದ ಅದೇ ಪದ್ದತಿ."

"ಇದ್ದಿರಬಹುದು. ನಾನಿರುವ ತನಕ ಈ ಚರ್ಚಿನಲ್ಲಿ ಅದು ನಡೆಯುವುದಿಲ್ಲ."

ನಮ್ಮ ಹಿತ್ತಲಿಗೆ ಕೇಳುವಷ್ಟು ಜೋರಾಗಿ ಗಲಾಟೆಯಾಯಿತು. ಗುರುಗಳ ದನಿ ಏರಲಿಲ್ಲ. ಅವರಿಗೆ ಅಂಥ ಗಟ್ಟಿತನ ಇದೆಯೆಂದು ನನಗೂ ಗೊತ್ತಿರಲಿಲ್ಲ. ಆಮೇಲೆ ಭಾನುವಾರಗಳಲ್ಲಿ ಒಂದು ಬದಿಯ ಬೆಂಚುಗಳು ಖಾಲಿ ಬೀಳತೊಡಗಿದವು. ಕೆಲವರು ಬಸ್ಸು ಹತ್ತಿ ಬೇರೆ ಊರಿನ ಚರ್ಚಿಗೆ ಹೋದರು. ಸರದಿಯ ಮೇಲೆ ಅವರಿಗೆ ಬರುತ್ತಿದ್ದ ಊಟ ಎಷ್ಟೋ ದಿನ ಬರುತ್ತಿರಲಿಲ್ಲ. ನಾನು ಅನ್ನ ಸಾರು ಕಳಿಸಿದರೆ ಪಾತ್ರೆಯನ್ನು ತಾವೇ ತೊಳೆದು ತಂದುಕೊಡುವರು. ಮೇಲಿನವರಿಗೆ ದೂರು ಹೋಗಿದೆ ಎಂದು ಊರಲ್ಲಿ ಸುದ್ದಿ ಹಬ್ಬಿತು.

ಆ ದಿನಗಳಲ್ಲಿ ಒಂದು ಸಂಜೆ ಅರುಳ್ ಬಂದ. ಗುರುಗಳು ನಮ್ಮ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವನು ಅಂಗಳದಲ್ಲಿಯೇ ನಿಂತು, "ಸಾಮಿ, ನಾನೇನ್ ಮಾಡ್ಲಿ ಏಳಿ" ಎಂದ.

"ನಾನು ಹೇಳುವುದಿಲ್ಲ."

"ಅವತ್ತು ಅಷ್ಟೆಲ್ಲ ಏಳಿದ್ರಿ."

"ಅವತ್ತು ಹೇಳಬಾರದಿತ್ತು. ಜೋಸೆಫರಿಗೆ ಕನಸು ಬಿದ್ದಿತ್ತು, ಅರುಳ್. ನಿನಗೆ ಬಿದ್ದಿಲ್ಲ. ನನಗೂ ಬಿದ್ದಿಲ್ಲ. ಏನಂತ ಹೇಳಲಿ? ನಿನಗೆ ಅವಳು ಬೇಕು ಅನಿಸಿದರೆ ಅವಳ ಹತ್ತಿರ ಹೋಗಿ ಕೇಳು. ಬೇಡ ಅಂದರೆ ವಾಪಸು ಬಾ. ನಿನಗೇ ಬೇಡ ಅನಿಸಿದರೂ ನೀನು ಕೆಟ್ಟವನಲ್ಲ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ."

ಅರುಳ್ ಹೊರಟುಹೋದ. ಮುಂದಿನದು ನಮಗೆ ಚೂರುಚೂರಾಗಿ ತಿಳಿಯಿತು. ರಜಾ ಸಿಕ್ಕಾಗಲೆಲ್ಲ ಅವನು ಕಾಮಗೆರೆಗೆ ಹೋಗುತ್ತಿದ್ದನಂತೆ. ಮೊದಮೊದಲು ಸಗಾಯ ಹೊರಗೇ ಬರಲಿಲ್ಲ. ಒಂದು ದಿನ ಬಂದು, "ನನ್ ಮೇಲೆ ಕನಿಕರ ಇದ್ರೆ ಬರ್ಬೇಡಿ" ಎಂದಳಂತೆ. "ಕನಿಕರ ಅಲ್ಲ ಕಣೆ, ನೀನಿಲ್ದೆ ಊರಲ್ಲಿ ಬೇಜಾರು" ಎಂದನಂತೆ ಇವನು. ಹೆಣ್ಣು ಮಗು ಹುಟ್ಟಿದಾಗ ಅವನು ಕಬ್ಬಿನ ಲೋಡಿನೊಂದಿಗೆ ಕಾರ್ಖಾನೆಯ ಕ್ಯೂನಲ್ಲಿದ್ದ. ಲೋಡಿದ್ದ ಟ್ರೇಲರನ್ನು ಅಲ್ಲೇ ಬಿಟ್ಟು ಬರೀ ಎಂಜಿನ್ ಓಡಿಸಿಕೊಂಡು ಹೋದ ಎಂದು ನಮ್ಮ ಯಜಮಾನರು ಬಂದು ಹೇಳಿದರು.

ಅಷ್ಟರಲ್ಲಿ ಗುರುಗಳಿಗೆ ವರ್ಗವಾಗಿತ್ತು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ಅವಧಿ ಮುಗಿಯಿತು ಎಂದರು. ಇರಲೂಬಹುದು. ಹೊರಡುವ ದಿನ ನಾನು ಸಿಟ್ಟಿನಿಂದ, "ನೀವು ಯಾಕೆ ಸುಮ್ಮನಿದ್ದೀರಿ ಫಾದರ್? ಮೇಲಿನವರಿಗೆ ಬರೆದು ಕೇಳಬೇಕಿತ್ತು" ಎಂದೆ. "ಅರ್ಧ ಊರು ನನ್ನ ಮುಖ ನೋಡಲಾಗದೆ ಚರ್ಚಿಗೆ ಬರುವುದನ್ನು ಬಿಟ್ಟಿದೆ ಟೀಚರ್. ಹೊಸಬರು ಬಂದರೆ ಅವರೂ ಬರುತ್ತಾರೆ. ಊರು ಒಂದಾಗುವುದಾದರೆ ನಾನು ಹೋಗುವುದರಲ್ಲಿ ನಷ್ಟ ಏನು?" ಎಂದರು. ಹೊಸಬರು ಬಂದರು, ಬೆಂಚುಗಳು ತುಂಬಿದವು. ಮಂಡಿ ಊರಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮಗುವಿಗೆ ನಡೆಯಲು ಬಂದ ಮೇಲೆ ಸಗಾಯ ಅರುಳ್ ಮದುವೆಯಾಯಿತು. ಹೊಸ ಗುರುಗಳು ಮೊದಲಿನಿಂದ ಮೂರು ಓಲೆ ಓದಿದರು. ಹಳೆಯ ಗುರುಗಳು ಬಂದಿದ್ದರು. ಕರೆದರೂ ಮುಂದೆ ಹೋಗಲಿಲ್ಲ, ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತರು. ಅರುಳನ ಅಪ್ಪ ಮದುವೆಗೆ ಬರಲಿಲ್ಲ. ಮೊಮ್ಮಗಳು ಶಾಲೆಗೆ ಸೇರುವ ಹೊತ್ತಿಗೆ ಆತನೇ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ತಂದುಬಿಡುತ್ತಿದ್ದ.

ಮೈಸೂರಿನಲ್ಲಿ ಗುರುಗಳ ಮಣ್ಣಿಗೆ ನಾನು ಹೋಗಿದ್ದೆ. ಬಿಳಿ ನಿಲುವಂಗಿಯವರು ಬಹಳ ಮಂದಿ. ಒಬ್ಬರು ಅವರ ಪಾಂಡಿತ್ಯದ ಬಗ್ಗೆ ಮಾತಾಡಿದರು, ಮುಗಿಯದ ಪ್ರಬಂಧದ ಬಗ್ಗೆಯೂ. ಗುಂಪಿನ ಹಿಂದೆ ಅರುಳ್, ಸಗಾಯ, ಮಗಳು ನಿಂತಿದ್ದರು. ರಾತ್ರಿಯೆಲ್ಲ ಲೋಡು ಹೊಡೆದು ಬಂದಿದ್ದ ಅರುಳನ ಕಣ್ಣು ಕೆಂಪಗಿತ್ತು. ಎಲ್ಲರಂತೆ ಒಂದೊಂದು ಹಿಡಿ ಮಣ್ಣು ಹಾಕಿ ಹೊರಗೆ ಬಂದೆವು. ಸಗಾಯ ಮಗಳಿಗೆ ನೀರು ಕುಡಿಸಲು ನಲ್ಲಿಯ ಹತ್ತಿರ ಹೋದಳು. ಅರುಳ್ ನನ್ನ ಪಕ್ಕ ಮರದ ನೆರಳಿನಲ್ಲಿ ನಿಂತ.

"ಎಲ್ರೂ ಸಿಕ್ದಾಗೆಲ್ಲ ಏಳ್ತಾರೆ ಟೀಚರಮ್ಮ, ನೀನು ದೊಡ್ ಮನ್ಸು ಮಾಡ್ದೆ, ನೀನ್ ದೇವ್ರಂಥೋನು ಅಂತ. ಅವ್ಳ ಎದ್ರುಗೇ ಏಳ್ತಾರೆ. ಅವತ್ತು ಮನೇಲಿ ಅವ್ಳು ಮಾತೇ ಆಡಕಿಲ್ಲ" ಎಂದ. ಅವನು ಅಂಗೈಗೆ ಅಂಟಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.

"ಸಾಮಿ ವರ್ಷಕ್ ಒಂದಪ ಆದ್ರೂ ಮನೇಗ್ ಬರೋರು. ಉಣ್ಣೋರು, ಮಗೀನ ಆಡ್ಸೋರು, ಅವ್ಳ ಜೊತೆ ಜಗಳಾನೂ ಆಡೋರು. ಒಂದೇ ಒಂದ್ ದಿಸನೂ ನನ್ನ ಹೊಗಳ್ನಿಲ್ಲ ಟೀಚರಮ್ಮ. ನಮ್ ಸಂಸಾರ ನಿಂತ್ಕಂಡಿದ್ದೇ ಅದ್ರಿಂದ."